ಹಳದಿ ತಂತಿ ಹೇಳಿದ್ದು
ಅಪ್ಪ 2013ರಲ್ಲಿ ಕೊಂಡ ಕಂಪ್ಯೂಟರ್ ಒಂದು ವಾರದಿಂದ, ವಿಡಿಯೊ ತೆರೆದ ಸ್ವಲ್ಪ ಹೊತ್ತಿಗೇ ಯಾವ ಸೂಚನೆಯೂ ಇಲ್ಲದೆ ಆರಿಹೋಗುತ್ತಿತ್ತು. ಪರದೆಯ ಚಿತ್ರ ಮೂಡಿಸುವ ಭಾಗವನ್ನು ನಡೆಸುವ ತಂತ್ರಾಂಶ, ಅಂದರೆ ಗ್ರಾಫಿಕ್ಸ್ ಡ್ರೈವರ್, ಅಪ್‌ಡೇಟ್ ಆದ ಮರುದಿನವೇ ತೊಂದರೆ ಶುರುವಾದ್ದರಿಂದ ಅದನ್ನೇ ಅನುಮಾನಿಸಿ, ಅಗತ್ಯ ತಂತ್ರಾಂಶಗಳಷ್ಟೇ ಓಡುವ ಸೇಫ್ ಮೋಡ್‌ನಲ್ಲಿ ಪೂರ್ತಿ ತೆಗೆದು ಹಳೆಯ ಆವೃತ್ತಿಯನ್ನು ಹಾಕಿದೆ. ಜೊತೆಗಿದ್ದ ಪರದೆಯ ಮಿನುಗು ನಿಂತಿತು, ಆರುವುದು ನಿಲ್ಲಲಿಲ್ಲ. ವಿಂಡೋಸ್ ತನ್ನ ಆಗುಹೋಗುಗಳನ್ನು ಬರೆದಿಡುವ ಇವೆಂಟ್ ವ್ಯೂವರ್‌ನಲ್ಲಿ ಪ್ರತಿ ಸಲ ಕಾಣುತ್ತಿದ್ದ ಕರ್ನಲ್-ಪವರ್ 41 ಎಂಬ ದಾಖಲೆ, ಯಂತ್ರ ಸರಿಯಾಗಿ ಮುಚ್ಚದೆ ನಿಂತಿತೆಂದು ಹೇಳುತ್ತದೆಯೇ ಹೊರತು ಏಕೆಂದು ಹೇಳುವುದಿಲ್ಲ.

ಇಂದು ಬೆಳಿಗ್ಗೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದು ಕುಳಿತೆ. ಗೋಡೆಯ ವಿದ್ಯುತ್ತನ್ನು ಕಂಪ್ಯೂಟರಿಗೆ ಬೇಕಾದಷ್ಟಕ್ಕೆ ಇಳಿಸಿ ಕೊಡುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ ಬರುವ ಹಳದಿ ಮತ್ತು ಕಪ್ಪು ತಂತಿಗಳ ನಡುವೆ 11.4ರಿಂದ 12.6 ವೋಲ್ಟ್ ಇರಬೇಕು. ವಿಡಿಯೊ ಓಡುತ್ತಿದ್ದಂತೆ ಅಂಕಿ 11.8ರಿಂದ ಮೆಲ್ಲನೆ 10.9ಕ್ಕೆ ಜಾರಿತು, ಮರುಕ್ಷಣ ಫ್ಯಾನಿನ ಸದ್ದು ನಿಂತು ಕೋಣೆಯೆಲ್ಲ ಮೌನವಾಯಿತು. ಎಸ್‌ಎಂಪಿಎಸ್‌ನ ಜಾಲರಿಯೊಳಗೆ ಟಾರ್ಚ್ ಬಿಟ್ಟು ನೋಡಿದರೆ ವಿದ್ಯುತ್ತನ್ನು ಹಿಡಿದಿಟ್ಟು ಸಮವಾಗಿ ಹರಿಸುವ ಎರಡು ಕೆಪಾಸಿಟರ್‌ಗಳ ತಲೆ ಉಬ್ಬಿ, ಕಂದು ರಸ ಒಸರಿ ಒಣಗಿತ್ತು. (ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರಬಹುದು, ದಯವಿಟ್ಟು ಯಾರೂ ಬಿಚ್ಚಬೇಡಿ.)

ನಿನ್ನೆ ಮೊನ್ನೆ ಬದಲಾದದ್ದನ್ನೇ ಕಾರಣವೆಂದು ಹಿಡಿದ ನನಗೆ, ಇಷ್ಟು ವರ್ಷ ಸದ್ದಿಲ್ಲದೆ ಸವೆಯುತ್ತಿದ್ದುದು ಹೊಳೆಯಲೇ ಇಲ್ಲ. ನಾಳೆ ಹೊಸ ಎಸ್‌ಎಂಪಿಎಸ್ ತರುತ್ತೇನೆ. ಕಂಪ್ಯೂಟರಿನ ಗಡಿಯಾರವೂ ತಪ್ಪುತ್ತಿರುವುದರಿಂದ, ಯಂತ್ರ ಆರಿದಾಗಲೂ ಅದನ್ನು ನಡೆಸಲು ಮುಖ್ಯ ಫಲಕವಾದ ಮದರ್‌ಬೋರ್ಡಿಗೆ ಒಂದು ಸಿಆರ್2032 ಎಂಬ ನಾಣ್ಯದಾಕಾರದ ಸೆಲ್ ಕೂಡ.