ಒಳ್ಳೆಯವನಾದರೆ ಸರ್ವಾಧಿಕಾರಿ ಆದರೇನು?

ಹಳೇ ಗ್ರೀಸಿನ ಮಾತು ಬಂದಾಗಲೆಲ್ಲ ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ. ರಾಜನೂ ಒಬ್ಬನೇ ಆಳೋದು, ಸರ್ವಾಧಿಕಾರಿಯೂ ಒಬ್ಬನೇ ಆಳೋದು. ಮತ್ತೆ ಗ್ರೀಕರು ಒಬ್ಬನನ್ನು ಒಪ್ಪಿ ಇನ್ನೊಬ್ಬನನ್ನು ಬೈದದ್ದು ಯಾಕೆ? ಮನುಷ್ಯ ಒಳ್ಳೆಯವನಾಗಿದ್ದರೆ ಸಾಕಲ್ವಾ?

ಸಾಲದು. ಯಾಕೆ ಅಂತ ಹೇಳೋಕೆ ನಾನು ಯಾವಾಗಲೂ ಹಿಡಿಯೋದು ಅಥೆನ್ಸಿನ ಸರ್ವಾಧಿಕಾರಿ ಪೈಸಿಸ್ಟ್ರಾಟಸ್‌ನನ್ನು, ಯಾಕಂದ್ರೆ ಅವನು ನಿಜಕ್ಕೂ ಒಳ್ಳೆಯ ಆಡಳಿತಗಾರ. ಅಧಿಕಾರಕ್ಕೆ ಬಂದ ದಾರಿ ಮಾತ್ರ ಶುದ್ಧ ನಾಟಕ. ಕ್ರಿ.ಪೂ. 561ರ ಸುಮಾರಿಗೆ ತನ್ನ ಮೈಗೂ ಗಾಡಿಯ ಹೇಸರಗತ್ತೆಗಳಿಗೂ ತಾನೇ ಗಾಯ ಮಾಡಿಕೊಂಡು, ಶತ್ರುಗಳು ಕೊಲ್ಲೋಕೆ ಬಂದಿದ್ದರು ಅಂತ ಊರ ಚೌಕದಲ್ಲಿ ಗೋಳಾಡಿದ. ಜನ ಪಾಪ ಅಂದುಕೊಂಡು ದೊಣ್ಣೆ ಹಿಡಿದ ಕಾವಲಿನವರನ್ನು ಕೊಟ್ಟರು. ಅವರನ್ನೇ ಕಟ್ಟಿಕೊಂಡು ಹೋಗಿ ಊರ ಬೆಟ್ಟದ ಕೋಟೆ ಅಕ್ರೊಪೊಲಿಸ್ ಹಿಡಿದ! ಎರಡು ಸಲ ಓಡಿಸಿದರೂ ಬಿಡದೆ ವಾಪಸ್ ಬಂದು, 546ರಿಂದ ಸಾಯುವವರೆಗೆ, ಅಂದರೆ 527ರವರೆಗೆ ಆಳಿದ.

ಅವನದೊಂದು ಕತೆ ಇದೆ. ಹಿಮೆಟಸ್ ಬೆಟ್ಟದ ಕಡೆ ಒಬ್ಬ ರೈತ ಬರೀ ಕಲ್ಲು ತುಂಬಿದ ಹೊಲ ಅಗೆಯುತ್ತಿದ್ದ. ಇದರಲ್ಲಿ ಏನು ಬೆಳೀತೀಯಪ್ಪ ಅಂತ ಪೈಸಿಸ್ಟ್ರಾಟಸ್ ಆಳಿನ ಕೈಲಿ ಕೇಳಿಸಿದ. ಕೇಳಿಸಿದ್ದು ಯಾರು ಅಂತ ರೈತನಿಗೆ ಗೊತ್ತಿಲ್ಲ. ಬೆಳೆಯೋದು ಬರೀ ನೋವು, ಸಂಕಟ, ಅದರಲ್ಲೂ ಹತ್ತರಲ್ಲಿ ಒಂದು ಪಾಲು ಪೈಸಿಸ್ಟ್ರಾಟಸ್‌ಗೆ ಹೋಗಬೇಕು ಅಂದುಬಿಟ್ಟ. ಆ ನೇರಮಾತು ಹಿಡಿಸಿ ದೊರೆ ಅವನ ತೆರಿಗೆ ಪೂರ್ತಿ ಮಾಫಿ ಮಾಡಿದ.

ಎಷ್ಟು ಒಳ್ಳೆಯವನು ಅನ್ನಿಸುತ್ತೆ. ಆದರೆ ಪಕ್ಕದ ಹೊಲದವನ ಗತಿ? ಅವನ ಹೊಲದಲ್ಲೂ ಕಲ್ಲೇ ಇದ್ದಿರಬಹುದು, ಆದರೆ ದೊರೆ ಹಾದುಹೋದಾಗ ಅವನು ಬಾಯಿ ಬಿಡಲಿಲ್ಲ, ಅಷ್ಟೇ. ಆವತ್ತು ದೊರೆಗೆ ತಲೆನೋವು ಇದ್ದು ಸಿಟ್ಟು ಬಂದಿದ್ದರೆ ಈ ರೈತನಿಗೂ ಕೇಳೋರು ಇರಲಿಲ್ಲ.

ಮುಂದೆ ಅದೇ ಅಧಿಕಾರ ಮಗ ಹಿಪಿಯಾಸ್‌ನ ಕೈಗೆ ಬಂತು. 514ರಲ್ಲಿ ಅವನ ತಮ್ಮನ ಕೊಲೆಯಾಯಿತು. ಆಮೇಲೆ ಎಲ್ಲರ ಮೇಲೂ ಅನುಮಾನ, ಸಾಲು ಸಾಲು ಸಾವು. 510ರಲ್ಲಿ ಅವನನ್ನು ಓಡಿಸೋಕೆ ಇನ್ನೊಂದು ಗ್ರೀಕ್ ನಗರವಾದ ಸ್ಪಾರ್ಟಾದ ಸೈನ್ಯವೇ ಬರಬೇಕಾಯಿತು. 490ರಲ್ಲಿ ದಂಡೆತ್ತಿ ಬಂದ ಪರ್ಷಿಯನ್ನರಿಗೆ ದಾರಿ ತೋರಿಸುತ್ತಾ ಅಥೆನ್ಸಿನ ಹತ್ತಿರದ ಮ್ಯಾರಥಾನ್‌ಗೆ ಬಂದವನೂ ಇವನೇ.

ರಾಜ ಅಂದರೆ ಹೇಗಿರಬೇಕು ಅನ್ನೋದಕ್ಕೆ ಸ್ಪಾರ್ಟಾ ನೋಡಿ. ಅಲ್ಲಿ ಏಕಕಾಲಕ್ಕೆ ಇಬ್ಬರು ರಾಜರು. ಕಾನೂನಿನಂತೆ ಆಳುತ್ತೇನೆ ಅಂತ ಅವರು ಪ್ರತಿ ತಿಂಗಳೂ ಆಣೆ ಇಡಬೇಕು. ನೀವು ಮಾತಿಗೆ ತಪ್ಪದಿದ್ದರೆ ನಿಮ್ಮ ಪಟ್ಟಕ್ಕೆ ನಾವೂ ಕೈ ಹಾಕಲ್ಲ ಅಂತ ಊರಿನ ಪರವಾಗಿ ಎಫರ್‌ಗಳೆಂಬ ಅಧಿಕಾರಿಗಳು ತಿರುಗಿ ಆಣೆ ಇಡುತ್ತಿದ್ದರು. ಪಟ್ಟಕ್ಕೇ ಷರತ್ತು!

ತತ್ವಜ್ಞಾನಿ ಅರಿಸ್ಟಾಟಲ್ ತನ್ನ ‘ಪಾಲಿಟಿಕ್ಸ್’ ಪುಸ್ತಕದಲ್ಲಿ ಗೆರೆ ಎಳೆದದ್ದೂ ಇಲ್ಲೇ. ರಾಜನನ್ನು ಕಾಯೋದು ಊರಿನ ಜನ, ಸರ್ವಾಧಿಕಾರಿಯನ್ನು ಕಾಯೋದು ಸಂಬಳಕ್ಕೆ ಬಂದ ಹೊರದೇಶದ ಸೈನಿಕರು. ಸರ್ವಾಧಿಕಾರಿ ತಲೆ ಎತ್ತಿದವರನ್ನು ಮುಗಿಸುತ್ತಾನೆ, ಜನ ಒಟ್ಟಿಗೆ ಕೂತು ಊಟ ಮಾಡೋದನ್ನೂ ತಡೆಯುತ್ತಾನೆ, ಪರಿಚಯ ಬೆಳೆದರೆ ನಂಬಿಕೆ ಬೆಳೆಯುತ್ತೆ ಅನ್ನೋ ಭಯ. ದೊಡ್ಡ ದೊಡ್ಡ ಕಟ್ಟಡ ಶುರು ಮಾಡಿ ಜನರನ್ನು ಬಡವರಾಗಿ, ಪುರುಸೊತ್ತಿಲ್ಲದವರಾಗಿ ಇಡುತ್ತಾನೆ. ಇದಕ್ಕೆ ಅರಿಸ್ಟಾಟಲ್ ಕೊಡುವ ಉದಾಹರಣೆಗಳಲ್ಲಿ ಪೈಸಿಸ್ಟ್ರಾಟಸ್ ಮನೆತನ ಶುರು ಮಾಡಿದ ಜ್ಯೂಸ್ ದೇವರ ದೇವಾಲಯವೂ ಇದೆ. (ಅದು ಮುಗಿದದ್ದು ಆರು ಶತಮಾನ ಕಳೆದು, ರೋಮಿನ ಚಕ್ರವರ್ತಿ ಹೇಡ್ರಿಯನ್ ಕಾಲದಲ್ಲಿ.)

ಇಷ್ಟು ಹೇಳಿದ ಮೇಲೂ ಕೆಲವರು ಬಿಡಲ್ಲ: ಎಲ್ಲರಿಗಿಂತ ಎಷ್ಟೋ ಮೇಲಿನವನೊಬ್ಬ ಸಿಕ್ಕಿಬಿಟ್ಟರೆ? ನ್ಯಾಯವಾದ ಪ್ರಶ್ನೆ. ಅಂಥವನನ್ನು ಕಾನೂನಿನಿಂದ ಕಟ್ಟೋಕಾಗಲ್ಲ, ಅವನಿಗೇ ಪಟ್ಟ ಕೊಡಬೇಕು ಅಂತ ಅರಿಸ್ಟಾಟಲ್ ಕೂಡ ಒಪ್ಪುತ್ತಾನೆ. ಆದರೆ ಅದೇ ಪುಸ್ತಕದಲ್ಲಿ ಮುಂದೆ, ಈಗ ಹೊಸದಾಗಿ ರಾಜತ್ವ ಹುಟ್ಟೋದಿಲ್ಲ, ಯಾಕಂದ್ರೆ ಸಮಾನರು ಜಾಸ್ತಿಯಾಗಿದ್ದಾರೆ, ಆ ಪದವಿಗೆ ತಕ್ಕಷ್ಟು ಎತ್ತರದವನು ಯಾರೂ ಇಲ್ಲ ಅಂತಲೂ ಬರೆದಿದ್ದಾನೆ. ಹೇಳಿದವನು ಅಲೆಕ್ಸಾಂಡರನ ಮೇಷ್ಟ್ರು.