ಪಾಂಡವಪುರದ ಹವಾಲ್ದಾರರು

ಮೈಸೂರಿನಿಂದ ಬೆಳಗಿನ ರೈಲು ಹಿಡಿದರೆ ಪಾಂಡವಪುರ ಹೆಚ್ಚು ದೂರವಲ್ಲ. ನೇರವಾಗಿ ಅಲ್ಲಿಯೇ ಇಳಿಯಬಹುದಿತ್ತು. ಆದರೆ 1971ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಪಶ್ಚಿಮ ಗಡಿಯ ಶಕರ್‌ಗಢ ರಂಗದಲ್ಲಿದ್ದು ಬಂದ ನಿವೃತ್ತ ಹವಾಲ್ದಾರರೊಬ್ಬರನ್ನು ಕಾಣಲು ಹೊರಟಿದ್ದ ನನಗೆ, ಯುದ್ಧಕ್ಕೆ ಹೋದವರನ್ನು ಈ ಸೀಮೆ ಹೇಗೆ ನೆನಪಿಟ್ಟುಕೊಂಡಿದೆ ಎಂಬುದನ್ನು ಮೊದಲು ನೋಡಿಕೊಂಡು ಹೋಗಬೇಕೆನ್ನಿಸಿ ಶ್ರೀರಂಗಪಟ್ಟಣದಲ್ಲಿ ಇಳಿದೆ.

ಅಲ್ಲಿ ನೆನಪಿಗೆ ಕೊರತೆಯಿಲ್ಲ. 1799ರ ಮೇ 4ರಂದು ಟಿಪ್ಪು ಸುಲ್ತಾನನ ದೇಹ ಸಿಕ್ಕ ಜಾಗಕ್ಕೆ ಕಲ್ಲಿನ ಗುರುತಿದೆ. ಆ ಮುತ್ತಿಗೆಯಲ್ಲಿ ಮಡಿದ ಇಂಗ್ಲಿಷ್ ಪಡೆಯವರಿಗಾಗಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1907ರಲ್ಲಿ, ನಿಲ್ಲಿಸಿದ ಎತ್ತರದ ಸ್ಮಾರಕಸ್ತಂಭವಿದೆ. ಕಾವೇರಿಯ ದಂಡೆಯ ಗ್ಯಾರಿಸನ್ ಸ್ಮಶಾನದಲ್ಲಿ ದೂರದ ಸ್ವಿಟ್ಜರ್ಲೆಂಡಿನಿಂದ ಬಂದ ಡಿ ಮ್ಯೂರಾನ್ ರೆಜಿಮೆಂಟಿನವರ ಗೋರಿಗಳೂ ಇವೆ. ಇವೆಲ್ಲ ಸತ್ತವರ ಗುರುತುಗಳು. ಗೆದ್ದ ಕಡೆಯಲ್ಲಾಗಲಿ ಸೋತ ಕಡೆಯಲ್ಲಾಗಲಿ ಬದುಕುಳಿದ ಸಿಪಾಯಿಗಳು ಆಮೇಲೆ ಯಾವ ಊರು ಸೇರಿದರು, ಯಾರ ಹೊಲದಲ್ಲಿ ದುಡಿದರು, ಎಷ್ಟು ವರ್ಷ ಬಾಳಿದರು ಎಂಬುದನ್ನು ಹೇಳುವ ಕಲ್ಲನ್ನು ನಾನು ಅಲ್ಲಿ ಕಾಣಲಿಲ್ಲ. ನಾನು ಹೊರಟಿದ್ದದ್ದು ಅಂಥ ಬದುಕುಳಿದವರೊಬ್ಬರ ಮನೆಗೆ.

ಶ್ರೀರಂಗಪಟ್ಟಣದಿಂದ ಮುಂದೆ ಬಸ್ಸು. ನವೆಂಬರ್ ತಿಂಗಳಾದ್ದರಿಂದ ರಸ್ತೆಯುದ್ದಕ್ಕೂ ಕಬ್ಬಿನ ಲಾರಿ, ಟ್ರ್ಯಾಕ್ಟರುಗಳ ಸಾಲು. ಆಲೆಮನೆಗಳಿಂದ ಬೆಲ್ಲ ಕುದಿಯುವ ವಾಸನೆ. ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬರುವ ಮೊದಲು ಈ ಬಯಲಿನ ಬಹುಪಾಲು ಮಳೆಯನ್ನೇ ನಂಬಿದ ಹೊಲವಾಗಿತ್ತು. ಪಾಂಡವಪುರಕ್ಕೂ ದಂಡಿಗೂ ಹಳೆಯ ನಂಟಿದೆ. ಹಿರೋಡೆಯಾಗಿದ್ದ ಈ ಊರಿನ ಬಂಡೆಗಳ ಬಳಿ ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಪಡೆ ಬೀಡುಬಿಟ್ಟಿತ್ತು. ಅದರಿಂದ ಬಂದ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಹುಕಾಲ ಉಳಿಯಿತು. ಅವರ ನಂತರ ಇಂಗ್ಲಿಷರ ದಂಡೂ ಇಲ್ಲಿ ಇತ್ತು. ಈಗಿನ ಹೆಸರು ಪಾಂಡವರು ತಾಯಿಯೊಡನೆ ತಂಗಿದ್ದರೆಂದು ಜನ ನಂಬುವ ಕುಂತಿಬೆಟ್ಟದ್ದು. ಬಸ್ಸಿನ ಕಿಟಕಿಯಲ್ಲಿ ಆ ಜೋಡಿ ಬೆಟ್ಟ ಕಾಣತೊಡಗಿದರೆ ಊರು ಬಂತೆಂದು ಅರ್ಥ.

ಹವಾಲ್ದಾರರ ಮನೆ ಹಳೆಯ ಬೀದಿಯೊಂದರಲ್ಲಿದೆ. ವಯಸ್ಸು ಎಂಬತ್ತು ದಾಟಿದೆ, ಬೆನ್ನು ಇನ್ನೂ ನೆಟ್ಟಗಿದೆ. ‘ಬಾ ಮಗ, ಕೂತ್ಕೊ’ ಎಂದು ಜಗಲಿಯ ಮೇಲೆ ಚಾಪೆ ತೋರಿಸಿದರು. 1962ರ ಚೀನಾ ಯುದ್ಧದ ಸೋಲಿನ ನಂತರ ಊರೂರಿನಲ್ಲಿ ಸೇನಾ ಭರ್ತಿ ಬಿರುಸಾದಾಗ, ಎಸ್ಸೆಸ್ಸೆಲ್ಸಿ ಮುಗಿಸಿ ಹೊಲದಲ್ಲಿ ಕೆಲಸ ಮಾಡುತ್ತಿದ್ದ ಹುಡುಗ ಮನೆಯಲ್ಲಿ ಹೇಳದೆ ಬೆಂಗಳೂರಿಗೆ ಹೋಗಿ ಮದ್ರಾಸ್ ಎಂಜಿನಿಯರ್ ಗ್ರೂಪ್ ಸೇರಿದರಂತೆ. ಹಲಸೂರು ಕೆರೆಯ ಪಕ್ಕದ ಆ ಕೇಂದ್ರವನ್ನು ಅವರು ಈಗಲೂ ‘ಎಂಇಜಿ’ ಎಂದೇ ಕರೆಯುತ್ತಾರೆ. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ಶತ್ರು ಹುಗಿದಿಟ್ಟ ಮೈನುಗಳನ್ನು ತೆಗೆಯುವುದು ಅಲ್ಲಿ ಕಲಿತ ವಿದ್ಯೆ.

ನಾನು ಮೊದಲು ಕೇಳಿದ್ದು ಬಸಂತರ್ ನದಿಯ ಬಗ್ಗೆ. ರಾವಿಯ ಉಪನದಿಯಾದ ಅದನ್ನು 1971ರ ಡಿಸೆಂಬರ್ 15ರ ರಾತ್ರಿ ನಮ್ಮ ಪಡೆ ದಾಟಬೇಕಾಗಿತ್ತು. ನದಿಯ ಆಚೀಚೆ ನೂರಾರು ಗಜ ಅಗಲಕ್ಕೆ ಮೈನುಗಳಿದ್ದವು. ಕಾಲಾಳುಗಳು ಮೊದಲು ದಾಟಿ ಆಚೆ ದಡದಲ್ಲಿ ನೆಲೆಯೂರಿದರು. ಅವರ ಬೆಂಬಲಕ್ಕೆ ಟ್ಯಾಂಕುಗಳು ಹೋಗಬೇಕಾದರೆ ಎಂಜಿನಿಯರುಗಳು ದಾರಿ ಬಿಡಿಸಿಕೊಡಬೇಕು. ಮೈನನ್ನು ಮೇಲಿನಿಂದ ಒತ್ತಿದರೆ ಸಿಡಿಯುವುದರಿಂದ ಕಂಬಿಯನ್ನು ಓರೆಯಾಗಿ ಹಿಡಿದು ಮಣ್ಣನ್ನು ಚುಚ್ಚುತ್ತ ಅದರ ಪಕ್ಕವನ್ನು ತಡವಿ ಗುರುತಿಸಬೇಕು; ಸುತ್ತಲಿನ ಮಣ್ಣು ಬಿಡಿಸಬೇಕು; ದಾರಿಯ ಎರಡೂ ಅಂಚಿಗೆ ಬಿಳಿ ಪಟ್ಟಿ ಎಳೆಯುತ್ತ ಮುಂದೆ ಸಾಗಬೇಕು. ಕೆಲಸ ಅರ್ಧವಾಗಿರುವಾಗಲೇ ಆಚೆ ದಡದಿಂದ ಪಾಕಿಸ್ತಾನದ ಟ್ಯಾಂಕುಗಳ ಸದ್ದಿನ ಸುದ್ದಿ ಬಂತು. ನಮ್ಮ ಟ್ಯಾಂಕ್ ರೆಜಿಮೆಂಟಾದ ಪೂನಾ ಹಾರ್ಸ್‌ನ ಟ್ಯಾಂಕುಗಳು ಮೈನುಗಳ ನಡುವೆಯೇ ನುಗ್ಗಿದವು. ಮರುದಿನ ಆಚೆ ದಡದ ಟ್ಯಾಂಕ್ ಕಾಳಗದಲ್ಲಿ ಇಪ್ಪತ್ತೊಂದು ವರ್ಷದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಮಡಿದರು; ಅವರಿಗೆ ಪರಮವೀರ ಚಕ್ರ ಸಂದಿತು. ಮದ್ರಾಸ್ ಎಂಜಿನಿಯರುಗಳ 9ನೆಯ ರೆಜಿಮೆಂಟಿನ ಮೇಜರ್ ವಿಜಯ್ ರತ್ತನ್ ಚೌಧರಿ ಅದೇ ರಂಗದಲ್ಲಿ ಪ್ರಾಣ ಕೊಟ್ಟರು. ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ.

ಹವಾಲ್ದಾರರು ಇಷ್ಟನ್ನೆಲ್ಲ ಹೇಳಲಿಲ್ಲ. ‘ಯುದ್ಧ ಅಂದ್ರೆ ಎಲ್ರೂ ಗುಂಡು ಹೊಡೆಯೋದು ಅನ್ಕೋತಾರೆ ಕಣಪ್ಪ. ನಾವು ಆ ರಾತ್ರಿ ಬಂದೂಕ ಬೆನ್ನಿಗೆ ಹಾಕ್ಕೊಂಡು ನೆಲ ಕೆರೀತಿದ್ದೋ. ಮೇಲೆ ಶೆಲ್ ಬೀಳ್ತಿದ್ವು. ತಲೆ ಎತ್ತಿ ನೋಡಕ್ಕೆ ಆಯ್ತದಾ?’ ಎಂದು ನಿಲ್ಲಿಸಿದರು. ಪಕ್ಕದಲ್ಲಿದ್ದ ಗೆಳೆಯನೊಬ್ಬ ಹಿಂದಿರುಗಲಿಲ್ಲ ಎಂಬುದನ್ನು ಸೊಸೆ ಒಳಗಿನಿಂದ ಮೆಲ್ಲಗೆ ಹೇಳಿದರು. ನಾನು ಮತ್ತೆ ಕೇಳಲಿಲ್ಲ. ಡಿಸೆಂಬರ್ 3ಕ್ಕೆ ಆರಂಭವಾದ ಆ ಯುದ್ಧ 17ಕ್ಕೆ ಪಶ್ಚಿಮ ರಂಗದಲ್ಲಿ ನಿಂತಿತು. ಅದಾಗಿ ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದಿದೆ. ಅವರ ಬದುಕಿನ ದೊಡ್ಡ ಭಾಗ ಇರುವುದು ಅಲ್ಲಿಂದ ಈಚೆಗೆ.

1981ರಲ್ಲಿ ಸೇನೆಯಿಂದ ಬಂದ ಮೇಲೆ ಬ್ಯಾಂಕೊಂದರಲ್ಲಿ ಗನ್‌ಮ್ಯಾನ್ ಆದರು. ಬೆಳಿಗ್ಗೆ ನಾಲೆಯ ಬಯಲಿನ ಗದ್ದೆ, ಹಗಲೆಲ್ಲ ಬ್ಯಾಂಕಿನ ಬಾಗಿಲು. ಆ ಬಾಗಿಲಲ್ಲಿ ನಿಂತೇ ಅವರು ಇನ್ನೊಂದು ಕೆಲಸ ಹಚ್ಚಿಕೊಂಡರು. ಪಿಂಚಣಿಗಾಗಿ ಬರುತ್ತಿದ್ದ ಮಾಜಿ ಸೈನಿಕರಲ್ಲಿ, ಅವರಿಗಿಂತ ಹೆಚ್ಚಾಗಿ ಸೈನಿಕರ ವಿಧವೆಯರಲ್ಲಿ, ಕಾಗದ ಓದಲಾರದವರು ಬಹಳ ಮಂದಿ ಇದ್ದರು. ಅವರಿಗೆ ಅರ್ಜಿ ಬರೆದುಕೊಡುವುದು, ಯಾವ ಪತ್ರ ಯಾವ ಕಚೇರಿಗೆ ಹೋಗಬೇಕೆಂದು ತಿಳಿಸುವುದು, ಉತ್ತರ ಬಾರದಿದ್ದರೆ ಮತ್ತೆ ಬರೆಯುವುದು ಅವರ ಪಾಲಿಗೆ ಬಂತು. ಅರವತ್ತಕ್ಕೆ ಬ್ಯಾಂಕಿನ ಕೆಲಸ ಮುಗಿದರೂ ಇದು ಮುಗಿದಿಲ್ಲ. ಕಪ್ಪು ಟ್ರಂಕಿನ ಮುಚ್ಚಳದ ಮೇಲೆ ಅವರ ಸೇನಾ ಸಂಖ್ಯೆ ಬಿಳಿ ಬಣ್ಣದಲ್ಲಿ ಇನ್ನೂ ಓದಬಹುದಾದಂತಿದೆ. ಒಳಗೆ 1971ರ ಯುದ್ಧಕ್ಕಾಗಿ ಸಿಕ್ಕ ಪಶ್ಚಿಮಿ ಸ್ಟಾರ್ ಮತ್ತು ಸಂಗ್ರಾಮ ಪದಕ ಮೂಲೆಯ ಸಣ್ಣ ಡಬ್ಬಿಯಲ್ಲಿವೆ. ಉಳಿದ ಜಾಗವೆಲ್ಲ ಬೇರೆಯವರ ಕಾಗದಗಳದ್ದು. ಒಂದೊಂದು ಮನೆಗೆ ಒಂದೊಂದು ಲಕೋಟೆ, ಮೇಲೆ ಊರಿನ ಹೆಸರು, ಪಿಂಚಣಿ ಆದೇಶದ ಸಂಖ್ಯೆ.

ಪಿಂಚಣಿಯ ನಿಯಮಗಳನ್ನು ಅವರು ಬಾಯಿಪಾಠವಾಗಿ ಬಲ್ಲರು. ಎಂಬತ್ತು ತುಂಬಿದವರಿಗೆ ಮೂಲ ಪಿಂಚಣಿಯ ಶೇ. 20ರಷ್ಟು ಹೆಚ್ಚುವರಿ ಸಿಗುತ್ತದೆ, ಎಂಬತ್ತೈದಕ್ಕೆ ಶೇ. 30, ತೊಂಬತ್ತಕ್ಕೆ ಶೇ. 40, ತೊಂಬತ್ತೈದಕ್ಕೆ ಶೇ. 50, ನೂರು ಮುಟ್ಟಿದರೆ ಮತ್ತೊಂದು ಪಾಲು ಪೂರ್ತಿಯಾಗಿ. ಆದರೆ ಹುಟ್ಟಿದ ದಿನಾಂಕ ದಾಖಲೆಯಲ್ಲಿ ತಪ್ಪಿದ್ದರೆ ಎಂಬತ್ತು ತುಂಬಿದ್ದೇ ಯಾರಿಗೂ ಗೊತ್ತಾಗುವುದಿಲ್ಲ. ಬದುಕಿದ್ದೇನೆ ಎಂಬ ಪ್ರಮಾಣಪತ್ರವನ್ನು ಪ್ರತಿ ನವೆಂಬರಿನಲ್ಲಿ ಕೊಡಬೇಕು. ಎಂಬತ್ತು ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಜೀವನ ಪೂರ್ತಿ ಕಬ್ಬು ಕಡಿದು, ನಾಟಿ ಮಾಡಿ ಸವೆದ ಬೆರಳುಗಳ ಗುರುತನ್ನು ಯಂತ್ರ ಹಿಡಿಯದೆ ಎಷ್ಟೋ ಮುದುಕಿಯರು ಹಿಂದಿರುಗಿದ್ದಾರೆ. 2021ರಲ್ಲಿ ಮೊಬೈಲಿನಲ್ಲಿ ಮುಖ ತೋರಿಸಿ ಪ್ರಮಾಣಪತ್ರ ಪಡೆಯುವ ವ್ಯವಸ್ಥೆ ಬಂದಾಗ, ಮೊಮ್ಮಗಳಿಂದ ಅದನ್ನು ಕಲಿತ ಹವಾಲ್ದಾರರು ಈಗ ಆ ಮೊಬೈಲನ್ನು ಹಿಡಿದು ಹಳ್ಳಿಗಳಿಗೇ ಹೋಗುತ್ತಾರೆ. ಪದಕಗಳಿಗಿಂತ ಈ ಕೆಲಸವೇ ಅವರನ್ನು ಊರಿನ ದೊಡ್ಡ ಮನುಷ್ಯರನ್ನಾಗಿ ಮಾಡಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಧ್ಯಾಹ್ನ ಮುದ್ದೆ, ಉಪ್ಸಾರು ಉಂಡ ಮೇಲೆ ಅವರೊಡನೆ ಆಟೋದಲ್ಲಿ ತೊಣ್ಣೂರು ಕೆರೆಯ ಕಡೆಯ ಹಳ್ಳಿಯೊಂದಕ್ಕೆ ಹೋದೆ. ರಾಮಾನುಜರ ನೆನಪಿನೊಂದಿಗೆ ಬೆರೆತಿರುವ ಆ ಕೆರೆಯನ್ನು ಒಂದು ಗಳಿಗೆ ನಿಂತು ನೋಡಬೇಕೆಂದಿದ್ದೆ. ಹವಾಲ್ದಾರರಿಗೆ ಅಷ್ಟು ಪುರುಸೊತ್ತಿರಲಿಲ್ಲ. ಆ ಹಳ್ಳಿಯ ಹೆಣ್ಣುಮಗಳೊಬ್ಬರ ಗಂಡ ಹಿಂದಿನ ವರ್ಷ ತೀರಿಕೊಂಡಿದ್ದರು. ಸೇನೆಯ ದಾಖಲೆಯಲ್ಲಿ ಹೆಂಡತಿಯ ಹೆಸರು ಒಂದು ರೀತಿ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ರೀತಿ ಇದ್ದುದರಿಂದ ಕುಟುಂಬ ಪಿಂಚಣಿ ನಿಂತುಹೋಗಿತ್ತು. ಐವತ್ತು ವರ್ಷ ಒಟ್ಟಿಗೆ ಬಾಳಿದಾಕೆ ಆ ಗಂಡನ ಹೆಂಡತಿ ತಾನೇ ಎಂದು ಈಗ ಸಾಬೀತುಪಡಿಸಬೇಕಾಗಿತ್ತು. ಅದನ್ನು ಕೇಳಿ ನನಗೆ ಕೋಪವೂ ಸಂಕಟವೂ ಆಯಿತು. ಹವಾಲ್ದಾರರ ಮುಖದಲ್ಲಿ ಎರಡೂ ಕಾಣಲಿಲ್ಲ. ಮರಣ ಪ್ರಮಾಣಪತ್ರ, ಬ್ಯಾಂಕ್ ಪುಸ್ತಕ, ನೋಟರಿಯ ಮುಂದೆ ಮಾಡಿಸಿದ ಅಫಿಡವಿಟ್ಟು, ಎರಡೂ ಹೆಸರು ಒಬ್ಬರದೇ ಎಂಬ ದೃಢೀಕರಣ ಪತ್ರ, ಹೀಗೆ ಒಂದೊಂದನ್ನೇ ಚಾಪೆಯ ಮೇಲೆ ಹರಡಿ, ಅಕ್ಷರ ಅಕ್ಷರವನ್ನೂ ಬೆರಳಿಟ್ಟು ಓದಿ, ಒಂದು ಕಡೆ ಊರಿನ ಹೆಸರು ತಪ್ಪಾಗಿದ್ದನ್ನು ಹಿಡಿದರು.

‘ಇನ್ನೂ ಎಷ್ಟ್ ದಿನ ಆಯ್ತದೆ ಹವಾಲ್ದಾರಣ್ಣ?’ ಎಂದು ಆಕೆ ಕೇಳಿದರು.

‘ಆಯ್ತದೆ ಕಣವ್ವ. ಬರಬೇಕಾದ ಬಾಕಿ ಎಲ್ಲ ಸೇರಿಸಿ ಬತ್ತದೆ. ನೀನು ಈ ಪತ್ರ ಮಾತ್ರ ಇನ್ನೊಂದ್ಸಾರಿ ಮಾಡಿಸ್ಕೊಂಡು ಬಾ’ ಎಂದ ಅವರು, ನಕಲು ಪ್ರತಿಗಳ ಒಂದು ಕಟ್ಟನ್ನು ಲಕೋಟೆಗೆ ಹಾಕಿ ನನ್ನ ಕೈಗಿತ್ತರು. ಮುಂದಿನ ವಾರ ನಾನು ಬೆಂಗಳೂರಿಗೆ ಹೋಗುವವನೆಂದು ಊಟದ ವೇಳೆ ಹೇಳಿದ್ದನ್ನು ಅವರು ಮರೆತಿರಲಿಲ್ಲ. ಅಲ್ಲಿನ ಸೇನಾ ದಾಖಲೆ ಕಚೇರಿಯ ಯಾವ ಗೇಟಿನಲ್ಲಿ ಹೆಸರು ಬರೆಸಬೇಕು, ಯಾವ ವಿಭಾಗದ ಸುಬೇದಾರರನ್ನು ಕೇಳಬೇಕು, ಸ್ವೀಕೃತಿಯ ಮೊಹರಿಲ್ಲದೆ ಬರಕೂಡದು ಎಂದು ಲಕೋಟೆಯ ಬೆನ್ನಿಗೆ ದಪ್ಪ ಅಕ್ಷರಗಳಲ್ಲಿ ಬರೆದುಕೊಟ್ಟು, ಆಟೋದವನಿಗೆ ಮುಂದಿನ ಹಳ್ಳಿಯ ದಾರಿ ಹೇಳಿದರು.