ಮೊದಲು ಕೀ ಉತ್ತರ ನೋಡಿ

ಶೈಕ್ಷಣಿಕ ಮಾಪನ, ಅಂದರೆ ಪರೀಕ್ಷೆ ಮತ್ತು ಅಂಕಗಳನ್ನು ಅಳೆದು ನೋಡೋ ಶಾಸ್ತ್ರ, ಓದಿದವರ ಕೆಲಸ ಅಂದರೆ ಪ್ರಶ್ನೆಪತ್ರಿಕೆ ತೆಗೆಯೋದು ಅಂತ ಬಹಳ ಜನರ ಎಣಿಕೆ. ಅಲ್ಲ. ಪ್ರಶ್ನೆ ಬರೆಯೋರು ಹೆಚ್ಚಾಗಿ ಆಯಾ ವಿಷಯದ ಮೇಷ್ಟ್ರುಗಳು. ಮಾಪನ ಓದಿದವರ ನಿಜವಾದ ಕೆಲಸ ಶುರುವಾಗೋದು ಉತ್ತರಗಳು ಕೈಗೆ ಬಂದ ಮೇಲೆ.

100 ಮಂದಿ ಪರೀಕ್ಷೆ ಬರೆದರು ಅನ್ನಿ. ಒಟ್ಟು ಅಂಕ ನೋಡಿ ಮೇಲಿನ 27, ಕೆಳಗಿನ 27 ಮಂದಿಯನ್ನು ಬೇರೆ ಮಾಡಿ. ಒಂದು ಪ್ರಶ್ನೆಗೆ ಮೇಲಿನವರಲ್ಲಿ 9, ಕೆಳಗಿನವರಲ್ಲಿ 18 ಮಂದಿ ಸರಿ. 9ರಲ್ಲಿ 18 ಕಳೆದು 27ರಿಂದ ಭಾಗಿಸಿದರೆ −0.33. ಜಾಣರೇ ಹೆಚ್ಚು ಎಡವಿದ್ದಾರೆ ಅಂದರೆ ಪ್ರಶ್ನೆ ಕಷ್ಟ ಅಂತಲ್ಲ. ಕೀ ಉತ್ತರವೇ ತಪ್ಪಿರಬಹುದು, ಇಲ್ಲವೇ ಎರಡು ಆಯ್ಕೆ ಸರಿಯಿರಬಹುದು.

ಪರೀಕ್ಷಾ ಮಂಡಳಿ, ವೃತ್ತಿ ಪರವಾನಗಿ ಸಂಸ್ಥೆ, ವಿಶ್ವವಿದ್ಯಾಲಯ, ಎಲ್ಲ ಕಡೆ ಈ ಕಣ್ಣಿಗೆ ಬೆಲೆ ಇದೆ. ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಬಳಸೋ ‘ಆರ್’ (R) ಅನ್ನೋ ಕಂಪ್ಯೂಟರ್ ಭಾಷೆ ಬಂದರೆ ಇನ್ನೂ ಒಳ್ಳೇದು.

ಸಂಶೋಧನೆಗೆ ಇಳಿಯುವವರಿಗೆ ನನ್ನ ಪ್ರಕಾರ ರುಚಿಕಟ್ಟಾದ ವಿಷಯ ಅಂಕ ಸಮೀಕರಣ: ಎರಡು ವರ್ಷದ ಬೇರೆ ಬೇರೆ ಪತ್ರಿಕೆಗಳನ್ನು ಒಂದೇ ಅಳತೆಗೆ ತರೋದು. ಅದಕ್ಕೆ ಎರಡರಲ್ಲೂ ಸುಮಾರು ಐದನೇ ಒಂದು ಪಾಲು ಪ್ರಶ್ನೆಗಳನ್ನು ಹಾಗೇ ಉಳಿಸಿಕೊಳ್ಳೋದು ರೂಢಿ. ಆ ಪ್ರಶ್ನೆಗಳು ಸೋರಿಹೋದರೆ ಎರಡನೇ ವರ್ಷದವರು ಇದ್ದಕ್ಕಿದ್ದಂತೆ ‘ಜಾಣ’ರಾಗಿಬಿಡುತ್ತಾರೆ, ಲೆಕ್ಕವೆಲ್ಲ ಹಳ್ಳ ಹಿಡಿಯುತ್ತೆ.